ಅರ್ಗಿರಿಸ್‌ನ ಮೊಣಕಾಲಿಗೆ ಹನ್ನೆರಡು ಚೀಟಿ

ಸತ್ತ ಮೀನು ತೇಲುತ್ತದೆ ಎಂದು ದಡದಲ್ಲಿ ಕೂತವರು ತಿಳಿದಿರುತ್ತಾರೆ. ತೇಲುವುದು ಆಮೇಲೆ, ಕೊಳೆತು ಊದಿಕೊಂಡ ಮೇಲೆ. ಮೊದಲು ಅದು ಮುಳುಗುತ್ತದೆ. ನಮ್ಮ ದ್ವೀಪದ ಕೊಲ್ಲಿಯಲ್ಲಿ ಮೀನು ಸಾಕುವ ಕಂಪನಿಯ ಇಪ್ಪತ್ನಾಲ್ಕು ಬಲೆಗೂಡುಗಳಿವೆ. ಒಂದೊಂದೂ ಹನ್ನೆರಡು ಆಳು ಆಳ. ಸತ್ತ ಮೀನು ಗೂಡಿನ ತಳಕ್ಕೆ ಹೋಗಿ ಕೂರುತ್ತದೆ. ದಿನಾ ಎತ್ತದಿದ್ದರೆ ಬದುಕಿರುವ ಮೀನಿಗೂ ರೋಗ ಹತ್ತುತ್ತದೆ. ಎತ್ತಲು ಯಾರಾದರೂ ಇಳಿಯಲೇಬೇಕು.

ಇಳಿಯುತ್ತಿದ್ದವನು ನನ್ನ ಭಾವ ಅರ್ಗಿರಿಸ್. ದೋಣಿಯಲ್ಲಿ ಕೂತು ಅವನ ಸೊಂಟದ ಹಗ್ಗ ಹಿಡಿಯುತ್ತಿದ್ದವನು ನಾನು, ಪಂಡೆಲಿ. ಗಾಳಿಯ ಕೊಳವೆ ಬಾಯಲ್ಲಿ ಕಚ್ಚಿಕೊಂಡು ಅವನು ಇಳಿಯುತ್ತಿದ್ದ. ಜಾಲರಿ ಚೀಲಕ್ಕೆ ಸತ್ತ ಮೀನು ತುಂಬಿ ಹಗ್ಗವನ್ನು ಎರಡು ಸಲ ಜಗ್ಗುತ್ತಿದ್ದ. ನಾನು ಎಳೆಯುತ್ತಿದ್ದೆ. ದೋಣಿ ಮುಂದಿನ ಗೂಡಿಗೆ ಹೋಗುತ್ತಿತ್ತು. ಮತ್ತೆ ಇಳಿಯುತ್ತಿದ್ದ.

ಆಳದಿಂದ ತಡೆದು ತಡೆದು ಮೇಲೆ ಬರಬೇಕು, ಇಲ್ಲದಿದ್ದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಸಮುದ್ರದ ತಳದಿಂದ ಸ್ಪಂಜು ಕೀಳುತ್ತಿದ್ದ ನಮ್ಮ ಅಜ್ಜಂದಿರ ಕಾಲದಿಂದ ಇದು ಇಲ್ಲಿ ಎಲ್ಲರಿಗೂ ಗೊತ್ತು. ಆ ಅಜ್ಜಂದಿರಲ್ಲಿ ಅರ್ಧ ಜನ ಕೋಲೂರಿಕೊಂಡೇ ಸತ್ತರು. ಆದರೆ ನಮ್ಮ ಮ್ಯಾನೇಜರ್ ಕ್ಲೆಯಾಂಥಿಸ್ ಸಾಹೇಬರಿಗೆ ಅಜ್ಜಂದಿರ ಮೇಲೆ ನಂಬಿಕೆ ಇಲ್ಲ. ಅವರಿಗೆ ಗಡಿಯಾರದ ಮೇಲೆ ನಂಬಿಕೆ.

ಹೋದ ವರ್ಷ ಗರಿಗಳ ಭಾನುವಾರಕ್ಕೆ ಮುಂಚೆ ಹೀಗಾಯಿತು. ಈಸ್ಟರಿಗೆ ಮುಂಚಿನ ಉಪವಾಸದ ನಡುವೆ ಮೀನು ತಿನ್ನಬಹುದಾದ ದಿನ ಅದು. ಅಥೆನ್ಸ್‌ನಲ್ಲಿ ಮೀನಿಗೆ ಬೆಂಕಿ ಬೆಲೆ. ಹಡಗು ಹತ್ತಬೇಕಾದ ಲಾರಿ ದಡದಲ್ಲಿ ಕಾಯುತ್ತಿತ್ತು. ಸಾಹೇಬರು ವಾಕಿಟಾಕಿಯಲ್ಲಿ ನನ್ನ ಕಿವಿ ತಿನ್ನುತ್ತಿದ್ದರು.

"ಪಂಡೆಲಿ, ಎಷ್ಟನೇದು?"

"ಹದಿನಾರನೇ ಗೂಡು ಸಾರ್."

"ಇನ್ನೂ ಹದಿನಾರಾ? ಏನ್ ಮಾಡ್ತಿದ್ದಾನೆ ಕೆಳಗೆ, ಮೀನಿಗೆ ಕಥೆ ಹೇಳ್ತಿದ್ದಾನಾ? ಎಳಿ ಮೇಲಕ್ಕೆ."

ನಾನು ಎಳೆದೆ. ಅರ್ಗಿರಿಸ್ ಹಗ್ಗ ಜಗ್ಗಿರಲಿಲ್ಲ, ಆದರೂ ಎಳೆದೆ. ಆ ತಪ್ಪನ್ನು ಬೇರೆಯವರ ಮೇಲೆ ಹಾಕಲಾರೆ. ದೋಣಿ ದಡ ಮುಟ್ಟಿದಾಗ ಭಾವ ಎದ್ದು ನಿಂತ. ಕಾಲು ನಿಲ್ಲಲಿಲ್ಲ.

ರಕ್ತದ ಗುಳ್ಳೆ ಕರಗಿಸುವ ಒತ್ತಡದ ಕೋಣೆ ಇರುವ ಆಸ್ಪತ್ರೆಗೆ ಹಡಗಿನಲ್ಲಿ ಹನ್ನೆರಡು ಗಂಟೆ ಪ್ರಯಾಣ. ಕಂಪನಿಯ ಡಾಕ್ಟರು ಕಾಲನ್ನು ತಟ್ಟಿ ನೋಡಿ, "ವಾತ. ಸಮುದ್ರದ ಥಂಡಿ" ಎಂದು ಬರೆದರು. ಎರಡು ದಿನ ಕಾದು ನೋಡೋಣ ಎಂದರು ಸಾಹೇಬರು. ಎರಡು ದಿನ ಕಾದದ್ದಕ್ಕೆ ಎಡಗಾಲಿನ ಸ್ವಾಧೀನ ಹೋಯಿತು. ಲಾರಿ ಮಾತ್ರ ಸರಿಯಾದ ಹೊತ್ತಿಗೆ ಹೋಯಿತು.

ಅರ್ಗಿರಿಸ್‌ನ ಜಾಗಕ್ಕೆ ಈಜಿಪ್ಟಿನ ಹಮ್ದಿ ಬಂದ. ಅದೇ ಹಗ್ಗ, ಅದೇ ಕೊಳವೆ, ಅದೇ ನಾನು. ಮೂರೇ ತಿಂಗಳಲ್ಲಿ ಹಮ್ದಿ ಸಂಜೆ ಹೊತ್ತು ಮೊಣಕೈ ನೀವಿಕೊಳ್ಳಲು ಶುರು ಮಾಡಿದ. ಅರ್ಗಿರಿಸ್‌ಗೂ ಮೊಣಕೈಯಿಂದಲೇ ಶುರುವಾಗಿತ್ತು. ಹಮ್ದಿಯನ್ನು ನೋಡಿದಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಆಗ ಬಂತು ಆ ಸಭೆ. ಯೂರೋಪಿನಲ್ಲಿ ಮೀನು ಸಾಕಣೆ ನೂರು ಕಾಲ ನಡೆಯಬೇಕಾದರೆ ಮೊದಲು ಯಾವುದರ ಬಗ್ಗೆ ಸಂಶೋಧನೆ ಆಗಬೇಕು ಎಂದು ತೀರ್ಮಾನಿಸಲು ದೊಡ್ಡ ದೊಡ್ಡವರೆಲ್ಲ ನಮ್ಮ ದ್ವೀಪದ ಹೋಟೆಲಿಗೇ ಬಂದಿಳಿದರು. ಕಾರ್ಮಿಕರು ಕನಿಷ್ಠ ನಾಲ್ವರು ಇರಬೇಕೆಂದು ಅವರು ದುಡ್ಡು ಕೇಳಿ ಹಾಕಿದ್ದ ಅರ್ಜಿಯಲ್ಲಿ ಬರೆದಿತ್ತಂತೆ. ನಾಲ್ಕೆಂದರೆ ನಾಲ್ಕೇ ಜನರನ್ನು ಸಾಹೇಬರು ಕಳಿಸಿದರು: ನಾನು, ಹಮ್ದಿ, ಮೀನು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ದುಡಿಯುವ ನನ್ನ ಅಕ್ಕ ಥೋಮಾಯಿ, ಮತ್ತು ಅವಳ ಗಂಡ ಅರ್ಗಿರಿಸ್. ಕುಂಟನನ್ನು ಯಾಕೆ ಸೇರಿಸಿದರೆಂದರೆ, ಕೆಲಸ ಬಿಟ್ಟು ಬರಲು ಅವನಿಗೆ ಕೆಲಸವೇ ಇರಲಿಲ್ಲ.

ಊಟಕ್ಕೆ ಮೀನು ಇಟ್ಟಿದ್ದರು. ನಾರ್ವೆಯಿಂದ ವಿಮಾನದಲ್ಲಿ ಬಂದ ಮೀನು. ಅಕ್ಕ ಅದನ್ನು ಫೋರ್ಕಿನಿಂದ ತಿರುಗಿಸಿ ನೋಡಿದಳು.

"ಪಾಪ, ಇದು ನಮಗಿಂತ ಜಾಸ್ತಿ ಊರು ನೋಡಿದೆ."

ಗೋಡೆಯ ಮೇಲೆ ಆರು ಹಲಗೆಗಳಿದ್ದವು. ಮೀನಿನ ಮೇವು. ಮೀನಿನ ರೋಗ. ಮೀನಿನ ನೆಮ್ಮದಿ. ಸಮುದ್ರದ ತಳ. ನೀರೊಳಗಿನ ಕ್ಯಾಮೆರಾ. ಗಿರಾಕಿಯ ನಂಬಿಕೆ. ಪ್ರತಿಯೊಬ್ಬರ ಕೈಗೂ ಮೂರು ಹಸಿರು ಚೀಟಿ ಕೊಟ್ಟರು, ದುಂಡಗೆ, ಹಿಂದೆ ಅಂಟು ಇರುವಂಥವು. ಯಾವುದು ಮುಖ್ಯ ಅನಿಸುತ್ತದೋ ಅಲ್ಲಿ ಅಂಟಿಸಿ ಎಂದಳು ಸಭೆ ನಡೆಸುತ್ತಿದ್ದ ಡಾಕ್ಟರ್ ಹೆಡ್ವಿಗ್. ಉತ್ತರದ ಕಡೆಯ ಹೆಂಗಸು, ನಮ್ಮ ಮಾತು ಕಲಿತಿದ್ದಳು, ಒಳ್ಳೆಯವಳು. ಒಳ್ಳೆಯವರಿಂದಲೇ ನಮಗೆ ಹೆಚ್ಚು ತೊಂದರೆ. ಬೈಯುವ ಹಾಗೂ ಇಲ್ಲ.

ಸಾಹೇಬರು ಹಿಂದಿನಿಂದ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಕ್ಯಾಮೆರಾಕ್ಕೆ ಹಾಕಿ. ಎಲ್ರೂ ಕ್ಯಾಮೆರಾಕ್ಕೇ ಹಾಕಿ."

ನಾನು ಏಳಲಿಲ್ಲ. ಅಕ್ಕ ಎದ್ದಳು. ಹಲಗೆಯ ಮುಂದೆ ಹೋಗಿ ಆರನ್ನೂ ಒಂದೊಂದಾಗಿ ಓದಿದಳು. ತಿರುಗಿ ಬಂದು ಗಂಡನ ಮುಂದೆ ಮಂಡಿಯೂರಿ ಕೂತು, ಅವನ ಎಡ ಮೊಣಕಾಲಿಗೆ ಮೂರು ಚೀಟಿಗಳನ್ನೂ ಅಂಟಿಸಿದಳು. ಹಮ್ದಿ ಬಂದು ತನ್ನ ಮೂರನ್ನು ಅಂಟಿಸಿದ. ನಾನೂ ಅಂಟಿಸಿದೆ. ಅರ್ಗಿರಿಸ್ ತನ್ನ ಕೈಯಲ್ಲಿದ್ದ ಮೂರನ್ನು ನೋಡಿಕೊಂಡು, "ನಂದೂ ಇಲ್ಲೇ ಇರ್ಲಿ, ದೂರ ನಡೆಯಕ್ಕಾಗಲ್ಲ" ಎಂದು ಅಂಟಿಸಿಕೊಂಡ.

ಯಾರೋ ನಕ್ಕರು. ಯಾರೋ ಫೋಟೊ ತೆಗೆದರು. ಹೆಡ್ವಿಗ್‌ಳ ಮುಖ ಕೆಂಪಾಯಿತು.

"ಇದು ತುಂಬಾ ಮುಖ್ಯ ವಿಷಯ," ಎಂದಳು. "ಆದರೆ ನಮ್ಮ ಯೋಜನೆಯ ವ್ಯಾಪ್ತಿಗೆ ಬರಲ್ಲ. ಕಾರ್ಮಿಕ ಇಲಾಖೆಗೆ ಬರುತ್ತೆ."

"ಕಾರ್ಮಿಕ ಇಲಾಖೆಗೆ ಹೋಗಿದ್ವಮ್ಮ," ಎಂದಳು ಅಕ್ಕ. "ಅವ್ರು ಮೀನು ಇಲಾಖೆಗೆ ಹೋಗಿ ಅಂದ್ರು."

ಮುಂದೆ ವರದಿ ಬಂತು. ಮೀನಿನ ನೆಮ್ಮದಿ ಮೊದಲನೇ ಸ್ಥಾನ ಗೆದ್ದಿತ್ತು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಹನ್ನೆರಡು ಮತಗಳು ಅಸಿಂಧು.

ನೆಮ್ಮದಿ ಗೆದ್ದ ಮೇಲೆ ಅದು ಗೋಡೆಗೆ ಬರಬೇಕಲ್ಲ. ಒಂದು ದಿನ ಜೆಟ್ಟಿಯ ಶೆಡ್ಡಿನ ಗೋಡೆಗೆ ಹೊಳೆಯುವ ಪೋಸ್ಟರ್ ಬಂತು. ಕೆಳಗೆ ಕ್ಲೆಯಾಂಥಿಸ್ ಸಾಹೇಬರ ಸಹಿ, ಬಾಲ ಬಿಟ್ಟಿದ್ದು. ಮಧ್ಯಾಹ್ನ ನಾವು, ಊಟಕ್ಕೆಂದು ಬಂದ ಅರ್ಗಿರಿಸ್ ಕೂಡ, ಕಾಳಿನ ಸಾರಿಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದೆವು. ಹಮ್ದಿಗೆ ನಮ್ಮ ಲಿಪಿ ಬಾರದು. ಅಕ್ಕ ಗಟ್ಟಿಯಾಗಿ ಓದಿ ಹೇಳಿದಳು.

"ಆಳದಿಂದ ಮೀನನ್ನು ಆತುರವಾಗಿ ಎತ್ತಬಾರದು. ಎತ್ತಿದರೆ ಮೈಯೊಳಗಿನ ಗಾಳಿ ಹಿಗ್ಗಿ ಅಂಗಾಂಗಗಳಿಗೆ ಪೆಟ್ಟಾಗುತ್ತದೆ. ನಡುನಡುವೆ ತಡೆದು, ನಿಧಾನವಾಗಿ ಎತ್ತಬೇಕು."

"ಓಹೋ," ಎಂದ ಅರ್ಗಿರಿಸ್.

"ಒಂದೇ ಮೀನನ್ನು ಒಂದೇ ದಿನ ಮತ್ತೆ ಮತ್ತೆ ಎತ್ತಬಾರದು. ಎರಡು ಎತ್ತುವಿಕೆಗಳ ನಡುವೆ ಸಾಕಷ್ಟು ವಿಶ್ರಾಂತಿ ಕೊಡಬೇಕು. ನೋವಿನ ಲಕ್ಷಣ ಕಂಡ ಕೂಡಲೇ ಕೆಲಸ ನಿಲ್ಲಿಸಿ, ವೈದ್ಯರಿಗೆ ತಿಳಿಸಬೇಕು."

ಹಮ್ದಿ ಅಗಿಯುವುದನ್ನು ನಿಲ್ಲಿಸಿದ. "ಇದು ಯಾರಿಗೆ ಬರ್ದಿರೋದು?"

"ಮೀನಿಗೆ."

"ಮೀನಿಗೆ ಓದಕ್ಕೆ ಬರುತ್ತಾ?"

"ಬರಲ್ಲ."

"ಮತ್ತೆ ನಿನಗೆ ಬರುತ್ತಲ್ಲಕ್ಕ. ನಾವೇ ಮಾಡೋಣ."

ನಾವು ಬಿದ್ದು ಬಿದ್ದು ನಕ್ಕೆವು. ಅರ್ಗಿರಿಸ್‌ನ ಕಣ್ಣಲ್ಲಿ ನೀರು ಬಂತು, ಅದು ನಗುವಿನದ್ದು ಮಾತ್ರ ಅಲ್ಲ. ಆಮೇಲೆ ಅಕ್ಕ ಶೆಡ್ಡಿನ ಹೆಂಗಸರನ್ನೆಲ್ಲ ಕರೆದು ಇನ್ನೊಂದು ಸಲ ಓದಿದಳು.

ಮರುದಿನದಿಂದ ನಾವು ಮೀನಿನ ಹಾಗೆ ಕೆಲಸ ಮಾಡಿದೆವು. ಹಮ್ದಿ ಇಳಿದ. ಹಗ್ಗದ ಮೇಲೆ ನಾನು ಕೆಂಪು ದಾರದಿಂದ ಗುರುತು ಕಟ್ಟಿದ್ದೆ. ಒಂದು ಗುರುತಿನಷ್ಟು ಎಳೆದು ನಿಲ್ಲಿಸುತ್ತಿದ್ದೆ, ಒಂದು ಸಿಗರೇಟು ಸೇದಿ ಮುಗಿಸುತ್ತಿದ್ದೆ, ಮತ್ತೆ ಎಳೆಯುತ್ತಿದ್ದೆ. ಮೇಲೆ ಬಂದವನು ದೋಣಿಯಲ್ಲಿ ಅಂಗಾತ ಮಲಗಿ ಸಾಕಷ್ಟು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದ. ದಿನಕ್ಕೆ ಮೂರು ಗೂಡು. ತಳ ತೆರವಾಗದ ಗೂಡಿನಿಂದ ಮೀನು ಹಿಡಿಯುವಂತಿಲ್ಲ. ಶೆಡ್ಡಿನ ಹೆಂಗಸರು ಖಾಲಿ ಪೆಟ್ಟಿಗೆಗಳ ಮೇಲೆ ಕೂತು ಸ್ವೆಟರ್ ಹೆಣೆದರು.

ನಾಲ್ಕನೇ ದಿನ ಸಾಹೇಬರು ಮೋಟಾರು ಲಾಂಚಿನಲ್ಲಿ ಬಂದು ನಮ್ಮ ದೋಣಿಯ ಪಕ್ಕದಲ್ಲೇ ನಿಲ್ಲಿಸಿದರು. ಜೊತೆಗೆ ಹೆಡ್ವಿಗ್, ಮತ್ತು ಮೀನು ಕೊಳ್ಳುವ ಹೊರದೇಶದ ಇಬ್ಬರು ಗಿರಾಕಿಗಳು. ಅವರಿಗೆಲ್ಲ ಮೀನಿನ ನೆಮ್ಮದಿ ತೋರಿಸುವ ದಿನ ಅದು. ಕಾಫಿ ಕೊಡಲು ಅಕ್ಕನನ್ನೂ ಲಾಂಚಿಗೆ ಹತ್ತಿಸಿದ್ದರು. ಹಮ್ದಿ ಕೆಳಗಿದ್ದ. ನಾನು ಹಗ್ಗ ಹಿಡಿದು ಸಿಗರೇಟು ಸೇದುತ್ತಿದ್ದೆ.

"ಪಂಡೆಲಿ, ಎಷ್ಟನೇದು?"

"ಮೂರನೇದು ಸಾರ್."

"ಮೂರಾ?" ಗಿರಾಕಿಗಳ ಕಡೆ ನಗೆ ಬೀರಿ, ದನಿ ತಗ್ಗಿಸಿದರು. "ಎಳಿಯೋ ಅವನನ್ನ."

"ಆತುರವಾಗಿ ಎತ್ತಬಾರ್ದು ಸಾರ್. ಮೈಯೊಳಗಿನ ಗಾಳಿ ಹಿಗ್ಗುತ್ತೆ. ನೀವೇ ಸಹಿ ಮಾಡಿದ್ದೀರಲ್ಲ."

"ಲೋ, ಅದು ಮೀನಿಗೆ."

ಹೆಡ್ವಿಗ್ ತಿರುಗಿ ಸಾಹೇಬರನ್ನೇ ನೋಡಿದಳು.

ಅಕ್ಕ ಕಾಫಿ ತಟ್ಟೆಯನ್ನು ಕೆಳಗಿಟ್ಟು, ಏಪ್ರನ್ನಿನ ಜೇಬಿನಿಂದ ಪೋಸ್ಟರ್ ತೆಗೆದು ಬಿಡಿಸಿ ಹಿಡಿದಳು. ಬೆಳಿಗ್ಗೆಯೇ ಗೋಡೆಯಿಂದ ಕಿತ್ತುಕೊಂಡಿದ್ದಳು. "ಹಂಗಾದ್ರೆ ಅದನ್ನೇ ಇದ್ರ ಕೆಳಗೆ ಬರ್ದುಕೊಡಿ ಸಾರ್. ಮನುಷ್ಯರಿಗೆ ಅನ್ವಯಿಸುವುದಿಲ್ಲ. ಜಾಗ ಇದೆ, ನಿಮ್ಮ ಸಹಿ ಮೇಲೆ. ಬರ್ದುಕೊಟ್ರೆ ಈಗ್ಲೇ ಎಳೀತಾನೆ ನನ್ ತಮ್ಮ."

ಪೆನ್ನನ್ನೂ ಚಾಚಿದಳು. ಸಾಹೇಬರು ಪೆನ್ನು ನೋಡಿದರು, ಗಿರಾಕಿಗಳನ್ನು ನೋಡಿದರು. ಗಿರಾಕಿಗಳಿಗೆ ಹೆಡ್ವಿಗ್ ಮೆಲ್ಲಗೆ ಅರ್ಥ ಹೇಳುತ್ತಿದ್ದಳು. ಸಾಹೇಬರು ಪೆನ್ನು ಬಿಟ್ಟು ಹಗ್ಗಕ್ಕೆ ಕೈ ಚಾಚಿದರು. ಒಂದು ವರ್ಷದ ಹಿಂದೆ ಕೊಟ್ಟುಬಿಡುತ್ತಿದ್ದೆನೇನೋ. ನಾನು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕೂತೆ.

"ಇನ್ನು ಎರಡು ಗುರುತು ಇದೆ ಸಾರ್. ಕಾಫಿ ಕುಡೀರಿ."

ಎರಡು ಗುರುತು ಮುಗಿಯುವವರೆಗೂ ಎಲ್ಲರೂ ಕಾದರು. ಕಂಪನಿಯವರು ಒಬ್ಬ ಮುಳುಗುಗಾರನಿಗಾಗಿ ಕಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಹಮ್ದಿ ನೀರಿನ ಮೇಲೆ ಬಂದು, ಕೊಳವೆ ಉಗಿದು, ಇಷ್ಟು ಜನರನ್ನು ನೋಡಿ ಗಾಬರಿಯಾದ.

"ಯಾರಾದ್ರೂ ಸತ್ರಾ?"

"ಇಲ್ಲ ಮಾರಾಯ," ಎಂದೆ. "ಇವತ್ತು ಯಾರೂ ಇಲ್ಲ."

ಪೋಸ್ಟರ್ ಮತ್ತೆ ಅದೇ ಗೋಡೆಯ ಮೇಲಿದೆ. ಕೆಲಸದಿಂದ ತೆಗೆದುಹಾಕುತ್ತೇನೆ ಎಂದು ಸಾಹೇಬರು ದಿನಾ ಹೇಳುತ್ತಾರೆ. ಕಾರಣ ಏನು ಬರೆಯುವುದೆಂದು ಅವರಿಗಿನ್ನೂ ಹೊಳೆದಿಲ್ಲ. ಅರ್ಗಿರಿಸ್ ಬೆಳಿಗ್ಗೆ ಕೋಲೂರಿಕೊಂಡು ಬಂದು ಅದರ ಕೆಳಗೇ ಬೆಂಚಿನ ಮೇಲೆ ಕೂರುತ್ತಾನೆ. ಸಹಿಯ ಮೇಲಿನ ಜಾಗ ಹಾಗೇ ಖಾಲಿ ಇದೆ. ಅಕ್ಕ ಬಲೆಯ ದಾರಕ್ಕೆ ಆ ಪೆನ್ನು ಕಟ್ಟಿ ಪಕ್ಕದಲ್ಲೇ ನೇತುಹಾಕಿದ್ದಾಳೆ.