ಕೆಂಪು ಜೆಲ್ಲಿ

ಹ್ಯಾಲಿಫ್ಯಾಕ್ಸಿನ ಆಸ್ಪತ್ರೆಯಲ್ಲಿ ನರ್ಸ್ ಪಟ್ಟಿ ಹಿಡಿದು ಕೇಳಿದಳು: "ನಿನ್ನೆ ಕೆಂಪಗಿರೋದು ಏನಾದ್ರೂ ತಿಂದ್ರಾ? ಜ್ಯೂಸು, ಜೆಲ್ಲಿ? ಕ್ಯಾಮೆರಾದಲ್ಲಿ ಅದು ರಕ್ತದ ಹಾಗೇ ಕಾಣುತ್ತೆ."

ಆಲ್ಫೆಯ ಜೀವ ಬಾಯಿಗೆ ಬಂತು. ನಲವತ್ತು ವರ್ಷ ಲಾಬ್‌ಸ್ಟರ್ ಹಿಡಿದ ಆಸಾಮಿ, ಸಮುದ್ರಕ್ಕೆ ಹೆದರಿದವನಲ್ಲ. ಹೆಂಡತಿ ಝೆಲಿಯ ಕರುಳಿನ ಮಾತು ಬಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು. ಕ್ರೋನ್ಸ್ ಕಾಯಿಲೆ ಆ ಕರುಳನ್ನು ಒಂದು ಕಡೆ ಪೆನ್ಸಿಲಿನಷ್ಟು ಕಿರಿದು ಮಾಡಿತ್ತು. ಹಿಂದೆ ಎರಡು ಸಲ ಕೊಯ್ದು ತೆಗೆದದ್ದಾಗಿತ್ತು. ಈ ಸಲ ಕ್ಯಾಮೆರಾ ಇರುವ ಕೊಳವೆ ತೂರಿಸಿ, ಪುಟ್ಟ ಬಲೂನು ಉಬ್ಬಿಸಿ ಅಗಲ ಮಾಡಿ ನೋಡೋಣ ಎಂದಿದ್ದರು ಡಾಕ್ಟರು. ಆಗದಿದ್ದರೆ ಮತ್ತೆ ಕತ್ತರಿಯೇ.

ಅಂಥ ದಿನದ ಹಿಂದಿನ ದಿನ ಈ ಪುಣ್ಯಾತ್ಮ, ಡಾಕ್ಟರು ಗಟ್ಟಿ ಊಟ ಬಿಡಿಸಿದ್ದ ಹೆಂಡತಿಗೆಂದು ಕೆಂಪು ಜೆಲ್ಲಿ ಮಾಡಿಟ್ಟಿದ್ದ. ಹಳದಿಯದೂ ಮನೆಯಲ್ಲಿತ್ತು. ಅದು ರೋಗಿಯ ಊಟದಂತೆ ಕಂಡಿತೆಂದು ಬಿಟ್ಟಿದ್ದ.

"ನಂದೇ ತಪ್ಪು ಮಗಳೇ," ಎಂದ. "ಒಂದು ಬಟ್ಟಲು ಪೂರ್ತಿ ತಿಂದ್ಳು. ನಾನೇ ಕೊಟ್ಟೆ. ಅವಳನ್ನ ವಾಪಸ್ ಕಳಿಸ್ಬೇಡ."

ಮಂಚದ ಮೇಲಿದ್ದ ಝೆಲಿ ಕಣ್ಣು ಮುಚ್ಚಿಕೊಂಡಳು. "ನಾನು ತಿಂದಿಲ್ಲ ಕಣೋ. ಮಾತ್ಲೋ ತಿಂದ."

"ನಾಯಿನಾ?"

"ಕೆಂಪು ಬೇಡ ಅಂತ ಆಸ್ಪತ್ರೆ ಹಾಳೇಲಿ ಓದಿದ್ದೆ. ನೀನು ಅಷ್ಟು ಆಸೆಯಿಂದ ತಂದಿಟ್ಟೆ, ಹೇಗೆ ಬೇಡ ಅನ್ಲಿ?"

"ಮತ್ತೆ ಮೊನ್ನೆಯ ಸೂಪು?"

"ಅದೂ ಅವನಿಗೇ. ಚಳಿಗಾಲದಿಂದ ನನ್ನ ಅರ್ಧ ಊಟ ಅವನದೇ. ನಂಗೆ ಸೇರ್ತಿರ್ಲಿಲ್ಲ. ಹೇಳಿದ್ರೆ ನೀನೂ ಊಟ ಬಿಡ್ತಿದ್ದೆ."

ಹೆಂಡತಿ ಸೊರಗಿದ್ದನ್ನೂ ನಾಯಿ ಮೈತುಂಬಿಕೊಂಡದ್ದನ್ನೂ ಒಂದೇ ಮೇಜಿನ ಮುಂದೆ ಕೂತು ನೋಡಿದ್ದ ಆಲ್ಫೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಹೊಳೆದಿರಲಿಲ್ಲ. ಅಳು ಬಂತು, ನರ್ಸಿನ ಎದುರೇ ಅತ್ತ. ಅವಳು ಪಟ್ಟಿಯಲ್ಲಿ 'ಇಲ್ಲ' ಎಂದು ಗುರುತು ಹಾಕಿ ಝೆಲಿಯನ್ನು ಒಳಗೆ ಕರೆದೊಯ್ದಳು.

ಒಂದು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದರು. "ದಾರಿ ತೆರೆದುಕೊಂಡಿದೆ. ಮತ್ತೆ ಕಿರಿದಾಗಬಹುದು, ಆಗ ಮತ್ತೆ ಬಲೂನು ಹಾಕೋಣ. ಸದ್ಯಕ್ಕೆ ಕತ್ತರಿ ಬೇಡ."

ಝೆಲಿಗೆ ಚೆನ್ನಾಗಿ ಎಚ್ಚರವಾದ ಮೇಲೆ ಅದೇ ನರ್ಸ್ ಒಂದು ಬಟ್ಟಲು ತಂದಿಟ್ಟಳು. ಕೆಂಪು ಜೆಲ್ಲಿ. "ಇನ್ನು ಯಾವ ಬಣ್ಣ ಆದ್ರೂ ಪರವಾಗಿಲ್ಲ," ಎಂದು ನಕ್ಕಳು.

ಆಲ್ಫೆ ಚಮಚ ಹಿಡಿದು ತಿನ್ನಿಸಿದ. ಅವಳು ನುಂಗುವವರೆಗೂ ಅವಳ ಗಂಟಲಿನಿಂದ ಕಣ್ಣು ಕೀಳಲಿಲ್ಲ. ಝೆಲಿ ಬಾಯಿ ಅಗಲಿಸಿ ತೋರಿಸಿದಳು.

"ನೋಡ್ಕೋ. ಇಲ್ಲಿ ನಾಯಿ ಇಲ್ಲ."

"ನಾಲಿಗೆನೂ ಎತ್ತು," ಎಂದ ಆಲ್ಫೆ.

ಎತ್ತಿದಳು.