ಏರಿನಲ್ಲಿ ಹೊರಡುವ ಗಾಡಿ

ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಕೈಗಳು ತಟ್ಟೆಯ ಮೇಲಿದ್ದರೂ ಎಡಗಾಲು ಮೇಜಿನ ಕೆಳಗೆ ಬೇರೆಯದೇ ಕೆಲಸದಲ್ಲಿತ್ತು. ಅಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಗಟ್ಟಿ ದಿಂಬು, ಅಭ್ಯಾಸಕ್ಕೆ ಅದೇ ಗಾಡಿಯ ಕ್ಲಚ್ಚು. ಪಾದದಿಂದ ಅದನ್ನು ಪೂರ್ತಿ ಒತ್ತಬೇಕು, ಆಮೇಲೆ ಮೆಲ್ಲಗೆ ಬಿಡಬೇಕು. ಒತ್ತುವುದು ಚೆನ್ನಾಗಿಯೇ ಬರುತ್ತಿತ್ತು. ಬಿಡುವಾಗ ಮಾತ್ರ ಕಾಲು ಬಿಸಿ ನೀರು ಮುಟ್ಟಿದಂತೆ ಹಾರುತ್ತಿತ್ತು.

“ನಿಧಾನ ಅತ್ತೆ. ಮಲಗಿರೋ ಮಗು ತಲೆ ಕೆಳಗಿಂದ ಕೈ ತೆಗಿಯಲ್ವಾ, ಹಾಗೆ,” ಎಂದಳು ಒಲೆಯ ಮುಂದಿದ್ದ ಸೊಸೆ.

“ನನ್ನ ಮಗು ಮಲಗಿದ್ರೆ ತಾನೇ ಕಣೇ! ರಾತ್ರಿಯಿಡೀ ಎತ್ಕೊಂಡು ತಿರುಗ್ಸಿದೀನಿ. ನಿನ್ನ ಗಂಡನ್ನೇ ಕೇಳು.”

ಸೊಸೆ ಊರಿನ ದೊಡ್ಡ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡು ಕಲಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಬ್ರೇಕಕ್ಕ. ನಡುವಯಸ್ಸು ದಾಟಿದ ಹೆಂಗಸರು, ಹೆದರುಪುಕ್ಕಲರು, ಪರೀಕ್ಷೆಯಲ್ಲಿ ಮುಗ್ಗರಿಸಿ ಬಂದವರು, ಎಲ್ಲರನ್ನೂ ಶಾಲೆಯವರು ಅವಳ ತಲೆಗೇ ಕಟ್ಟುತ್ತಿದ್ದರು. ಉಳಿದವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ತಾನೇ ಒಂದು ಶಾಲೆ ಇಡಬೇಕು, ಇಂಥ ಹೆಂಗಸರಿಗಾಗಿಯೇ ಇಡಬೇಕು ಎಂಬುದು ಅವಳ ಬಹುದಿನದ ಆಸೆ. ಅದಕ್ಕೆ ಬೇಕಾದ ಸರ್ಕಾರದ ಪರವಾನಗಿಯೂ ಕೈಗೆ ಬಂದಿತ್ತು. ಕೆಲಸ ಬಿಡುತ್ತೇನೆಂದು ಶಾಲೆಯ ಯಜಮಾನರಿಗೆ ಬರೆದ ಕಾಗದ ಮಾತ್ರ ಹೋದ ಬೇಸಿಗೆಯಿಂದ ಅವಳ ಕೈಚೀಲದಲ್ಲೇ ಇತ್ತು. ಲಕೋಟೆಯ ಅಂಚು ಸವೆದು, ಒಮ್ಮೆ ಹೊಸ ಲಕೋಟೆಯನ್ನೂ ಹಾಕಿದ್ದಾಯಿತು.

ಅವಳನ್ನು ಹಿಡಿದಿಟ್ಟಿದ್ದು ಯಜಮಾನರ ಒಂದು ಮಾತು. “ಜನ ನಿನ್ನ ಮುಖ ನೋಡಿ ಬರಲ್ಲಮ್ಮಾ. ನನ್ನ ಬೋರ್ಡು, ನನ್ನ ಗಾಡಿ ನೋಡಿ ಬರ್ತಾರೆ,” ಎಂದು ಅವರು ಎಂದೋ ಅಂದಿದ್ದರು. ತಮಾಷೆಗೇ ಅಂದಿರಬಹುದು. ಮುಳ್ಳು ತಮಾಷೆಗೆ ಚುಚ್ಚಿದರೂ ಕಾಲಿನಲ್ಲೇ ಮುರಿಯುತ್ತದಲ್ಲ.

“ಸರಿಯಾದ ಗಾಡಿ ಸಿಗ್ಲಿ, ಅವತ್ತೇ ಕಳಿಸ್ತೀನಿ,” ಎನ್ನುತ್ತಿದ್ದಳು.

ಎಂಥ ಗಾಡಿ ಎಂಬುದನ್ನು ಮನೆಯವರೆಲ್ಲ ಬಾಯಿಪಾಠ ಮಾಡಿದ್ದರು. ಕೆಳಗೆ ಕುಸಿದು ಕೂರುವ ಕಾರು ಮಂಡಿನೋವಿನವರಿಗೆ ಆಗದು, ಸೀಟು ಎತ್ತರವಿರಬೇಕು. ಆದರೆ ಓಣಿಯಲ್ಲಿ ತಿರುಗುವಷ್ಟು ಗಿಡ್ಡವಿರಬೇಕು. ಅತ್ತ ಜೀಪೂ ಅಲ್ಲದ ಇತ್ತ ಕಾರೂ ಅಲ್ಲದ, ಈಗ ಎಲ್ಲೆಲ್ಲೂ ಓಡಾಡುವ ಆ ಚಿಕ್ಕ ಕ್ರಾಸ್‌ಓವರ್ ಆಗಬೇಕು. ಗೇರು ಕೈಯಿಂದಲೇ ಹಾಕುವಂಥದಿರಬೇಕು, ಏಕೆಂದರೆ ಕ್ಲಚ್ಚು ಕಲಿತವಳು ಜಗತ್ತಿನ ಯಾವ ಗಾಡಿಗೂ ಹೆದರುವುದಿಲ್ಲ. ಮತ್ತೆ, ಸೆಕೆಂಡ್ ಹ್ಯಾಂಡೇ ಬೇಕು. “ಹೊಸ ಗಾಡಿಗೆ ಗೀರು ಬಿದ್ರೆ ಕಲಿಯೋಳ ಜೀವ ಹೋಗುತ್ತೆ. ಗೀರಿರೋ ಗಾಡಿಗೆ ಇನ್ನೊಂದು ಬಿದ್ರೆ ಯಾರೂ ಅಳಲ್ಲ,” ಎನ್ನುವುದು ಸೊಸೆಯ ಲೆಕ್ಕ.

ರೈಲ್ವೆ ಸಿಗ್ನಲ್ ಕೆಲಸದ ಮಗ ಪಾಳಿ ಮುಗಿಸಿ ಬಂದವನು ಕೈ ಮುಗಿದುಬಿಟ್ಟಿದ್ದ. “ನೀವಿಬ್ರೂ ಆರಿಸಿ. ನಾನು ಹಿಂದಿನ ಸೀಟಲ್ಲಿ ನಿದ್ದೆ ಮಾಡ್ಕೊಂಡು ಬರ್ತೀನಿ.”

ಹುರುಳಿಕಾಯಿ ಮುಗಿದ ಮೇಲೆ ಅತ್ತೆ ಸೊಸೆ ಹೊರಟರು. ಗಾಡಿ ಅಂಗಡಿಯು ಊರಂಚಿನ ಒಂದು ಬಯಲು. ಸಾಲು ಸಾಲು ಗಾಡಿ, ತಗಡಿನ ಕೋಣೆಯಲ್ಲೊಂದು ಫ್ಯಾನು, ಹಿಂದುಗಡೆ ಗಾಡಿ ತೊಳೆಯುವ ಕಟ್ಟೆಗೆ ಹತ್ತುವ ಕಡಿದಾದ ಏರು. ವ್ಯಾಪಾರಿ ಬಾಯಿಬಡುಕ, ಆದರೆ ಮೋಸಗಾರನಲ್ಲ. ಸೊಸೆ ಬಾನೆಟ್ ಎತ್ತಿ ನೋಡಿದಳು, ಕೆಳಗೆ ಬಗ್ಗಿ ತುಕ್ಕು ನೋಡಿದಳು, ಇಂಜಿನ್ ಎಣ್ಣೆ ಅಳೆಯುವ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿದಳು. ಕೊನೆಗೆ ಮೂರು ಗಾಡಿಗಳನ್ನು ಬೇರೆ ಮಾಡಿ, “ಹತ್ತಿ ಅತ್ತೆ,” ಎಂದಳು.

“ನಾನಾ? ನನಗೇನು ಗೊತ್ತಾಗುತ್ತೆ?”

“ನಿಮಗೆ ಗೊತ್ತಾಗೋದು ಬೇಡ. ನಿಮ್ಮ ಕಾಲಿಗೆ ಗೊತ್ತಾದ್ರೆ ಸಾಕು. ಏರಲ್ಲಿ ನಿಲ್ಸಿ, ಹಿಂದಕ್ಕೆ ಜಾರದ ಹಾಗೆ ಹೊರಡ್ಸಬೇಕು, ಅಷ್ಟೆ. ಹ್ಯಾಂಡ್‌ಬ್ರೇಕ್ ನನ್ನ ಕೈಲಿರುತ್ತೆ.”

ಆಗ ಅತ್ತೆಗೆ ಅರ್ಥವಾಯಿತು. ಎರಡು ಸಲ ಪರೀಕ್ಷೆಯಲ್ಲಿ ಏರಿನಲ್ಲೇ ಸೋತು ಬಂದವರು ತಾವು. ಸಲಹೆ ಕೇಳಲು ತಮ್ಮನ್ನು ಕರೆತಂದಿಲ್ಲ. ಸೊಸೆಯ ಶಿಷ್ಯೆಯರಲ್ಲೆಲ್ಲ ಕಡೆಯವರು ಎಂದು ಕರೆತಂದಿದ್ದಾಳೆ! ತಮ್ಮನ್ನು ಸಹಿಸಿದ ಗಾಡಿ ಎಂಥವಳನ್ನೂ ಸಹಿಸುತ್ತದೆ. ಒಂದು ಗಳಿಗೆ ಮುಖ ಊದಿತು. ಮರುಗಳಿಗೆ ಏನೋ ಒಂದು ಜಂಬವೂ ಬಂತು. ಊರಲ್ಲಿ ಎಷ್ಟು ಜನ ಕೆಟ್ಟ ಚಾಲಕರಿಲ್ಲ? ಅಷ್ಟು ಜನರಲ್ಲೂ ಆರಿಸಿದ್ದು ತಮ್ಮನ್ನೇ ತಾನೇ?

“ಸರಿ, ನನ್ನಷ್ಟು ದಡ್ಡಿ ನಿನಗೆಲ್ಲಿ ಸಿಗ್ತಾಳೆ,” ಎಂದು ಸೆರಗು ಸಿಕ್ಕಿಸಿ ಹತ್ತಿದರು.

ಮೊದಲನೆಯದು ಕೆಂಪು ಗಾಡಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಕ್ಲಚ್ಚು ಪೆಡಲಿನ ತುತ್ತತುದಿಗೆ ಬರುವ ತನಕ ಹಿಡಿಯುತ್ತಲೇ ಇರಲಿಲ್ಲ, ಹಿಡಿದರೆ ಕುದುರೆಯಂತೆ ನೆಗೆಯುತ್ತಿತ್ತು. ಆಫ್ ಆಯಿತು. ಮತ್ತೆ ಆಫ್. ಮೂರನೆಯ ಸಲ ಹಿಂದಕ್ಕೆ ಜಾರಿ ಸೊಸೆಯ ಹ್ಯಾಂಡ್‌ಬ್ರೇಕು ಕಿರ್ರೆಂದಿತು.

“ಗಾಡಿ ಸರಿ ಇಲ್ಲಪ್ಪ,” ಎಂದರು ಅತ್ತೆ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದ ವ್ಯಾಪಾರಿ ನೆರಳಿನಿಂದಲೇ. “ಅಮ್ಮಾ, ನಿಮಗೆ ಆಟೊಮ್ಯಾಟಿಕ್ ಕೊಡ್ತೀನಿ, ಸುಮ್ನೆ ಕೂತ್ಕೊಂಡ್ರೆ ಅದೇ ಹೋಗುತ್ತೆ.”

“ಸುಮ್ನೆ ಕೂತ್ಕೊಳ್ಳೋಕೆ ಮನೇಲಿ ಸೋಫಾ ಇದೆ ಕಣಪ್ಪಾ!”

ಎರಡನೆಯ ಬೂದು ಗಾಡಿಯ ಕ್ಲಚ್ಚು ಕಲ್ಲು. ಒತ್ತಿ ಒತ್ತಿ ತೊಡೆ ನಡುಗಿತು. ಮೂರನೆಯದು ಮಣ್ಣುಬಣ್ಣದ್ದು, ಬಾಗಿಲ ಮೇಲೆ ಉದ್ದಕ್ಕೆ ಗೀರು, ಬಂಪರಿನ ಮೂಲೆ ಜಜ್ಜಿತ್ತು. ವ್ಯಾಪಾರಿ ಅದನ್ನು ಹಿಂದಿನ ಸಾಲಿನಲ್ಲಿ ಮರೆಮಾಡಿದ್ದ. ಹತ್ತಿ ಕೂತರೆ ಬಾನೆಟ್ಟಿನ ತುದಿಯವರೆಗೂ ಕಾಣುತ್ತಿತ್ತು. ಕ್ಲಚ್ಚು ಹಗುರ. ಅರ್ಧಕ್ಕೆ ಬರುತ್ತಲೇ ಸೀಟು ಸಣ್ಣಗೆ ನಡುಗಿ, ಇಗೋ ಹಿಡಿದೆ ಎಂದು ಹೇಳಿತು. ಅತ್ತೆ ಅಲ್ಲೇ ಕಾಲು ನಿಲ್ಲಿಸಿದರು. ಇಂಜಿನ್ನಿನ ದನಿ ತಗ್ಗಿತು. ಸೊಸೆ ಹ್ಯಾಂಡ್‌ಬ್ರೇಕು ಇಳಿಸಿದಳು. ಗಾಡಿ ಹಿಂದಕ್ಕೆ ಒಂದು ಕೂದಲೆಳೆಯೂ ಸರಿಯದೆ, ಮೆಲ್ಲಗೆ ಏರು ಹತ್ತಿ ಕಟ್ಟೆಯ ಮೇಲೆ ನಿಂತಿತು.

ಇಳಿದು ಬಂದು ಮತ್ತೆ ಹತ್ತಿಸಿದರು. ಮತ್ತೆ ಹತ್ತಿತು.

“ಸಿಕ್ತು ಕಣೇ ನಿನ್ನ ಗಾಡಿ!” ಅತ್ತೆಯ ದನಿ ಬಯಲಿಗೆಲ್ಲ ಕೇಳಿಸಿತು.

“ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯ್ತೋ ಏನೋ,” ಎಂದಳು ಸೊಸೆ. ಅವಳು ಸುಲಭಕ್ಕೆ ನಂಬುವವಳಲ್ಲ. “ಇನ್ನೊಂದ್ಸಲ ಆ ಕೆಂಪು ಗಾಡಿ ಹತ್ತಿ. ಅದರಲ್ಲಿ ಆಫ್ ಮಾಡಿದ್ರೆ ಇದೇ ಒಳ್ಳೇದು ಅಂತ ಖಾತ್ರಿ.”

ಅತ್ತೆ ಕೆಂಪು ಗಾಡಿ ಹತ್ತಿದರು. ಕಾಲಿಗೆ ಈಗ ಏನನ್ನು ಕಾಯಬೇಕೆಂದು ಗೊತ್ತಿತ್ತು. ಕ್ಲಚ್ಚು ಬಿಡುತ್ತಾ ಬಿಡುತ್ತಾ ತುದಿಯವರೆಗೂ ಬಂದರು, ಅವಸರ ಪಡಲಿಲ್ಲ. ಆ ಸಣ್ಣ ನಡುಕ ತಡವಾಗಿ ಬಂತು, ಆದರೆ ಬಂತು. ಕಾಲು ಅಲ್ಲೇ ನಿಂತಿತು. ಕೆಂಪು ಗಾಡಿ ಒಮ್ಮೆ ಕೆಮ್ಮಿ, ಹಿಂದಕ್ಕೆ ಜಾರದೆ ಏರು ಹತ್ತಿಬಿಟ್ಟಿತು.

ವ್ಯಾಪಾರಿ ನೆರಳು ಬಿಟ್ಟು ಎದ್ದು ಬಂದ. ಸೊಸೆ ಸೀಟಿನಲ್ಲೇ ಕೂತಿದ್ದಳು.

“ಅಯ್ಯೋ, ಕೆಡಿಸಿಬಿಟ್ನಲ್ಲೇ ನಿನ್ನ ಪರೀಕ್ಷೆನ,” ಎಂದರು ಅತ್ತೆ.

“ನೀವು ಕಲಿತುಬಿಟ್ರಿ ಅತ್ತೆ. ಇನ್ನು ನಿಮ್ಮನ್ನ ಗಾಡಿ ನೋಡೋಕೆ ಕರ್ಕೊಂಡು ಬರೋ ಹಾಗಿಲ್ಲ.”

“ನಾನೆಲ್ಲಿ ಕಲಿತೆ? ನೀನು ಕಲಿಸ್ದೆ. ಅಡುಗೆಮನೇಲಿ, ದಿಂಬಿನ ಮೇಲೆ ಕಲಿಸ್ದೆ. ಅಲ್ಲಿ ನಿಮ್ಮ ಶಾಲೆ ಯಜಮಾನರ ಗಾಡಿ ಎಲ್ಲಿತ್ತು? ಬೋರ್ಡು ಎಲ್ಲಿತ್ತು? ನನ್ನಂಥ ಮೊದ್ದನ್ನ ಸವೆದ ಕ್ಲಚ್ಚಲ್ಲಿ ಏರು ಹತ್ಸಿದೀಯ. ಆ ಮನುಷ್ಯ ಬರ್ಲಿ ನೋಡೋಣ, ನನ್ನಂಥ ಒಬ್ಬಳ ಕೈಲಾದ್ರೂ ಹೀಗೆ ಹತ್ಸಲಿ!”

ಮುಂದಿನ ಗಾಜಿನಾಚೆ ನೋಡುತ್ತಾ ಕೂತ ಸೊಸೆಯ ಕುತ್ತಿಗೆ ನೆಟ್ಟಗಾಯಿತು. ವರ್ಷಗಟ್ಟಲೆ ಇನ್ನೊಬ್ಬರ ಬೋರ್ಡಿನ ಕೆಳಗೆ ಬಗ್ಗಿ ನಡೆದ ಕುತ್ತಿಗೆ ಅದು. ಅದನ್ನು ನೋಡಿದ ಅತ್ತೆಗೆ, ಹೆತ್ತ ಮಗನಿಗೆ ಕೆಲಸ ಸಿಕ್ಕಿದ ದಿನವೂ ಇಷ್ಟು ಎದೆಯುಬ್ಬಿರಲಿಲ್ಲ ಎನ್ನಿಸಿತು.

“ಹಾಗಾದ್ರೆ ಕೆಂಪು ಗಾಡಿನೇ ಕೊಡ್ಲಾ ಮೇಡಂ?” ಎಂದ ವ್ಯಾಪಾರಿ ಆಸೆಯಿಂದ.

“ಬೇಡ. ಅದರ ಕ್ಲಚ್ ಪ್ಲೇಟು ಮುಗಿದಿದೆ, ಹಾಕ್ಸಿಟ್ಕೊಳ್ಳಿ. ನನಗೆ ಆ ಗೀರಿಂದೇ ಇರ್ಲಿ.” ದನಿಯಲ್ಲಿ ಯಜಮಾನಿಕೆ ಆಗಲೇ ಬಂದಿತ್ತು.

“ಅಮ್ಮಾ,” ವ್ಯಾಪಾರಿ ತಲೆ ಕೆರೆದುಕೊಂಡ, “ನಮ್ಮ ಮನೆಯವಳು ಒಬ್ಬಳಿದಾಳೆ. ಮೂರು ಡ್ರೈವಿಂಗ್ ಶಾಲೆಗೆ ಸೇರ್ಸಿ ಬಿಡ್ಸಿದೀನಿ, ಸ್ಟೇರಿಂಗ್ ಮುಟ್ಟಿದ್ರೆ ಅಳ್ತಾಳೆ. ಸೇರಿಸ್ಕೊಳ್ತೀರಾ?”

“ನಾನಲ್ಲಪ್ಪ ಯಜಮಾನಿ, ಇವಳನ್ನ ಕೇಳು,” ಎಂದು ಅತ್ತೆ ಸೊಸೆಯ ಕಡೆ ಕೈ ತೋರಿಸಿದರು. “ಆದ್ರೆ ಒಂದು ದಿಂಬು ತರಬೇಕು ಅಂತ ಹೇಳು.”

ಕಾಗದಪತ್ರದ ಕೆಲಸವೆಲ್ಲ ಮುಗಿದ ದಿನ ಮಗ ಹೇಳಿದಂತೆಯೇ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದ. ಎಲ್ ಬೋರ್ಡು ಅಂಟಿಸಿದ ಗಾಡಿಯ ಸ್ಟೇರಿಂಗು ಅತ್ತೆಯ ಕೈಯಲ್ಲಿತ್ತು. ಪೇಟೆಯ ಏರುರಸ್ತೆಯ ನಡುವೆ, ಅಂಚೆ ಕಚೇರಿಯ ಎದುರಿಗೆ ಬಂದಾಗ ಸೊಸೆ, “ನಿಲ್ಸಿ ಅತ್ತೆ,” ಎಂದಳು.

“ಇಲ್ಲೇನೇ? ಈ ಏರಲ್ಲೇನೇ? ಹಿಂದೆ ಬಸ್ ಬರ್ತಿದೆ ಕಣೇ!”

“ಬರ್ಲಿ. ನೀವಿದೀರಲ್ಲ.”

ಅತ್ತೆ ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿ ಹ್ಯಾಂಡ್‌ಬ್ರೇಕು ಎಳೆದರು. ಹಿಂದಿನ ಸೀಟಿನ ನಿದ್ದೆ ಒಂದು ಕಣ್ಣು ತೆರೆಯಿತು. ಸೊಸೆ ಇಳಿದು ರಸ್ತೆ ದಾಟಿದಳು. ಕೈಚೀಲದಿಂದ ಲಕೋಟೆ ತೆಗೆದು, ವಿಳಾಸವನ್ನು ಇನ್ನೊಮ್ಮೆ ಓದಲೂ ಇಲ್ಲ, ಅಂಚೆಪೆಟ್ಟಿಗೆಯ ಬಾಯಿಗೆ ಹಾಕಿ ಬಿಟ್ಟಳು.