ಮಡಿಸುವ ಹಾಡು

ಲಾಂಡ್ರಿಯ ಒಳಕೋಣೆಯಲ್ಲಿ ಫ್ಯಾನ್ ಇರಲಿಲ್ಲ. ಯಂತ್ರದಲ್ಲಿ ಒಣಗಿ ಬಂದ ಹೋಟೆಲಿನ ಬೆಡ್‌ಶೀಟುಗಳು ಕೈ ಸುಡುತ್ತಿದ್ದವು. ಒಂದೊಂದಕ್ಕೂ ಇಬ್ಬರು ಹೆಂಗಸರು. ಇಬ್ಬರೂ ಒಂದೇ ಕ್ಷಣಕ್ಕೆ ಜಗ್ಗದಿದ್ದರೆ ಮಡಿಕೆ ಸೊಟ್ಟ. ಅದಕ್ಕೇ ದೊಡ್ಡಮ್ಮ ಒಂದು ಹಾಡು ಕಟ್ಟಿದ್ದಳು. ಅವಳು ಎತ್ತಿಕೊಟ್ಟರೆ ಉಳಿದವರ ಕೈ ತಾನಾಗಿ ಓಡುತ್ತಿತ್ತು. ನಾನು ಮುಂದಿನ ಕೌಂಟರಿನಲ್ಲಿ ಕೂತು ಕೇಳುತ್ತಿದ್ದೆ.

ಹೋದ ವರ್ಷ ಒಬ್ಬ ರ‍್ಯಾಪ್ ಹಾಡುಗಾರ ಮೈಕ್ ಹಿಡಿದು ಬಂದ. ತಲೆ ಮೇಲೆ ಉಲ್ಟಾ ಟೋಪಿ. "ಸುಮ್ನೆ ನೆನಪಿಗೆ ಅಮ್ಮಾ," ಅಂದ. ದೊಡ್ಡಮ್ಮ ಬಾಯಿ ತುಂಬ ಹಾಡಿದಳು.

ಈಗ ಅವನ ಆಲ್ಬಂ ಬಸ್ಸಿನಲ್ಲಿ, ಸಲೂನಿನಲ್ಲಿ, ಎಲ್ಲೆಲ್ಲೂ. ಬೀದಿಯ ಮಕ್ಕಳು ಕೂಡ ಅದೇ ವರಸೆಯಲ್ಲಿ ಪ್ರಾಸ ಕಟ್ಟುತ್ತಾರೆ. ಹಾಡಿನ ನಡುನಡುವೆ ದೊಡ್ಡಮ್ಮನ ದನಿ. "ಏ, ಮೂಲೆ ಬಿಡಬೇಡ್ವೇ!" ಎಂದು ಜೊತೆಗೆ ಮಡಿಸುತ್ತಿದ್ದ ಚಿಕ್ಕಮ್ಮನನ್ನು ಗದರಿದ್ದೂ ಸೇರಿ. ನಾನು ಫೋನಿನಲ್ಲಿ ಆಲ್ಬಂಗೆ ದುಡಿದವರ ಹೆಸರುಗಳನ್ನು ಓದಿದೆ. ಅತಿಥಿ ಗಾಯಕರಲ್ಲಿ ಒಬ್ಬ ಬರೀ "ಹೂಂ" ಅಂದಿದ್ದ. ಅವನಿಗೂ ಹೆಸರಿತ್ತು. ಕೊನೆಯಲ್ಲಿ, 'ಅನಾಮಧೇಯ ದನಿಯ ತುಣುಕು.'

"ಹಂಗಂದ್ರೆ?" ದೊಡ್ಡಮ್ಮ ಕೇಳಿದಳು.

"ಹಾಡಿದವಳು ಯಾರೋ ಗೊತ್ತಿಲ್ಲ ಅಂತ."

"ಗೊತ್ತಿಲ್ವಾ? ನನ್ನ ಪಾಲಿನ ಟೀ ಕುಡ್ದು ಹೋಗಿದ್ನಲ್ಲೇ!"

"ಟೋಪಿ ಇದ್ದದ್ದು ಅವನ ತಲೆ ಮೇಲೆ, ಹಾಕಿದ್ದು ನಮಗೆ," ಅಂದಳು ಚಿಕ್ಕಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ನಗಲಿಲ್ಲ.

ಮೊನ್ನೆ ಅವನು ಎರಡನೇ ಆಲ್ಬಮ್ಮಿಗೆಂದು ಮತ್ತೆ ಬಂದ. ಲಾಂಡ್ರಿ ಮಾಲೀಕ ತಾನೇ ಕುರ್ಚಿ ತಂದು ಹಾಕಿದ. ಮೈಕ್ ಮೇಲೇರಿತು. ದೊಡ್ಡಮ್ಮ ತುಟಿ ಬಿಗಿದು ಬೆಡ್‌ಶೀಟ್ ಎತ್ತಿದಳು. ಉಳಿದವರೂ ಹಾಗೇ ಮಾಡಿದರು. ಎಲ್ಲರ ಕೆಲಸ ಹೋದೀತೆಂದು ನನಗೆ ಭಯ.

ಹಾಡಿಲ್ಲದೆ ಕೈ ಕೂಡಲಿಲ್ಲ. ಒಬ್ಬಳು ಜಗ್ಗಿದಾಗ ಇನ್ನೊಬ್ಬಳು ಬಿಟ್ಟಳು. ಬೆಡ್‌ಶೀಟೊಂದು ಹಾರಿ ಮಾಲೀಕನ ತಲೆ ಮೇಲೆ ಬಿತ್ತು.

"ಹಾಡ್ರೇ! ಹೋಟೆಲಿನ ವ್ಯಾನ್ ಬರೋ ಹೊತ್ತಾಯ್ತು!" ಅದರೊಳಗಿನಿಂದಲೇ ಕೂಗಿದ.

"ಅನಾಮಧೇಯರಿಗೆ ಬಾಯಿ ಎಲ್ಲಿಂದ ಬರ್ಬೇಕು ಸಾರ್?" ಅಂದಳು ದೊಡ್ಡಮ್ಮ.

ಹಾಡುಗಾರ ಹಲ್ಲು ಕಿರಿದ. "ಅಮ್ಮಾ, ಮುಂದಿನದ್ರಲ್ಲಿ ನಿಮ್ಮ ಹೆಸರು ಖಂಡಿತಾ..."

"ಮುಂದಿಂದು ಆಮೇಲಪ್ಪ. ಮೊದ್ಲು ಹಳೇದ್ರಲ್ಲಿ ಹಾಕು." ದೊಡ್ಡಮ್ಮ ಚಿಕ್ಕಮ್ಮನತ್ತ ಕೈ ತೋರಿದಳು. "ಇವಳ ಹೆಸರೂ ಸೇರ್ಸು."

"ಇವರು ಹಾಡಿಲ್ವಲ್ಲ?"

"ಬೈಸ್ಕೊಂಡಿದೀನಲ್ಲಯ್ಯ!" ಅಂದಳು ಚಿಕ್ಕಮ್ಮ. "ನಿನ್ನ ಹೂಂ ಅನ್ನೋನಿಗಿಂತ ಜಾಸ್ತಿ ಕಷ್ಟ ಅದು!"

ಮುಸಿಮುಸಿ ನಗು ಕೋಣೆಯಲ್ಲೆಲ್ಲ ಹರಡಿತು. ಆದರೆ ಯಾರ ಕೈಯೂ ಅಲ್ಲಾಡಲಿಲ್ಲ. ಹೊರಗೆ ವ್ಯಾನು ಹಾರನ್ ಹೊಡೆಯತೊಡಗಿತು. ಮಾಲೀಕ ಹಾಡುಗಾರನ ಮುಖ ನೋಡಿದ. ಹಾಡುಗಾರ ಗೋಡೆ ನೋಡಿದ.

ನಾನು ಕೌಂಟರಿನಿಂದ ಎದ್ದು ಒಳಗೆ ಹೋದೆ. ಚಿಕ್ಕಮ್ಮನ ಎದುರಿಗೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು, ಬಾಯಿ ಮುಚ್ಚಿ ನಿಂತೆ.